ಹಳೇ ಕಂಪ್ಯೂಟರಿಗೆ ಹೊಸ ರ್‍ಯಾಮು

ಮಾರೇಶ್ ಹಗರಿಬೊಮ್ಮನಹಳ್ಳಿಯಿಂದ ಜೇಬಿನಲ್ಲಿಟ್ಟುಕೊಂಡು ತಂದ ಮೆಮೊರಿ ಪಟ್ಟಿ, ಅಂದರೆ ರ್‍ಯಾಮು ನೋಡಲು ಬಾಚಣಿಗೆಯಷ್ಟೇ ಇತ್ತು. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಅದರಿಂದಲೇ.

ಅವನು ಹಳ್ಳಿಯ ಹೈಸ್ಕೂಲಿನ ಗುಮಾಸ್ತ. ಶಾಲೆಗಿದ್ದದ್ದು ಒಂದೇ ಕಂಪ್ಯೂಟರು, ಹನ್ನೆರಡು ವರ್ಷ ಹಳೆಯದು. ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು. ಹತ್ತನೇ ತರಗತಿಯ ಅರವತ್ತನಾಲ್ಕು ಮಕ್ಕಳ ವಿವರ ಸಂಜೆ ಐದರೊಳಗೆ ಆನ್‌ಲೈನಿನಲ್ಲಿ ಸೇರಬೇಕು. ಸೇರದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಎರಡು ದಿನ ಕೂತರೂ ಹತ್ತೊಂಬತ್ತೇ ಮುಗಿದಿದ್ದವು. ಮೆಮೊರಿ ಹೆಚ್ಚಿಸಿದರೆ ಓಡುತ್ತದೆ ಎಂದು ಕಂಪ್ಯೂಟರ್ ಅಂಗಡಿಯವನು ಹೇಳಿದ್ದ.

ಮಾರೇಶ್ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಹಳೆಯದರ ಪಕ್ಕದಲ್ಲಿ ಹೊಸದನ್ನು ಸಿಕ್ಕಿಸಿ, ಸ್ವಿಚ್ ಒತ್ತಿದ. ಪರದೆ ಕಪ್ಪಗೇ ಇತ್ತು. ಒಳಗಿಂದ ಕೂಗು ಮಾತ್ರ ಬಂತು: ಬೀಪ್, ಬೀಪ್, ಬೀಪ್.

ಪಿ.ಟಿ. ಮೇಷ್ಟ್ರು ಪಾಲಯ್ಯ ಮೈದಾನದಿಂದಲೇ ಓಡಿ ಬಂದರು. "ಮೂರು ಸೀಟಿ ಅಂದ್ರ ಆಟ ಮುಗೀತು ಅಂತರ್ಥ. ಗಟ್ಟಿಯಾಗಿ ಒತ್ರಿ!"

"ಮುರಿತೈತಿ ಸರ್, ಬ್ಯಾಡ್ರಿ," ಎನ್ನುವುದರೊಳಗೆ ಕಬಡ್ಡಿ ಆಡಿದ ಆ ಹೆಬ್ಬೆರಳು ಕೆಲಸ ಮುಗಿಸಿತ್ತು. ಈಗ ಬೀಪೂ ಇಲ್ಲ. ರ್‍ಯಾಮು ಒತ್ತುವ ಭರದಲ್ಲಿ ಮೇಷ್ಟ್ರ ಮೊಣಕೈ ತಾಗಿ ಕರೆಂಟಿನ ವೈರು ಕಳಚಿಕೊಂಡದ್ದು ಗೊತ್ತಾಗಲು ಅರ್ಧ ತಾಸು ಬೇಕಾಯಿತು. ವೈರು ಸಿಕ್ಕಿಸಿದರೆ ಮತ್ತೆ ಅದೇ ಮೂರು ಬೀಪು. ಹೊಸದನ್ನು ತೆಗೆದು ಹಳೆಯದೊಂದನ್ನೇ ಇಟ್ಟರೂ ಮೂರು ಬೀಪು.

ಹೆಡ್ ಮಾಸ್ಟರ್ ನಾಗೇಂದ್ರಪ್ಪನವರು ಬಾಗಿಲಲ್ಲಿ ನಿಂತು, "ಮಾರೇಶ್, ನಿನ್ನೆ ಕುಂಟ್ತಿತ್ತು. ಇವತ್ತು ಮಲಗಿಸಿಬಿಟ್ಟಿಯಲ್ಲೋ," ಎಂದರು. ಗಂಟೆ ಎರಡಾಗಿತ್ತು. ಮಾರೇಶನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಬಿಸಿಯೂಟದ ಗೀತಮ್ಮ ಊಟದ ತಟ್ಟೆ ತಂದವಳು ಮಾರೇಶನ ಕೈಯಲ್ಲಿದ್ದ ಹಳೇ ಪಟ್ಟಿಯನ್ನು ಬಗ್ಗಿ ನೋಡಿದಳು. "ಹಲ್ಲು ನೋಡ್ರಿ ಅದರವು, ಎಷ್ಟು ಮಾಸ್ಯಾವ. ನಮ್ಮನಿ ಟಿವಿ ರಿಮೋಟಿನ ಸೆಲ್ಲು ಹಿಂಗಾದ್ರ ನಮ್ಮ ಹುಡುಗಿ ರಬ್ಬರ್ ತಗೊಂಡು ತಿಕ್ಕತಾಳ."

ಪಾಲಯ್ಯ ನಕ್ಕರು. ಮಾರೇಶ್ ನಗಲಿಲ್ಲ. ಮೇಜಿನ ಮೇಲಿದ್ದ ರಬ್ಬರಿನಿಂದ ಎರಡೂ ಪಟ್ಟಿಗಳ ಅಂಚಿನ ಲೋಹದ ಹಲ್ಲು ತಿಕ್ಕಿ, ಅವು ಕೂರುವ ಸೀಳಿನ ಧೂಳು ಊದಿ, ಎರಡೂ ಕಡೆ ಟಕ್ ಎನ್ನುವಂತೆ ಕೂರಿಸಿ, ಕಣ್ಣು ಮುಚ್ಚಿ ಸ್ವಿಚ್ ಒತ್ತಿದ.

ಒಂದೇ ಬೀಪು! ಪರದೆ ಬೆಳಗಿತು. ಪುಟಗಳು ಪಟಪಟನೆ ತೆರೆದವು. ಪಾಲಯ್ಯ ಹೆಸರು ಓದಿದರು, ಮಾರೇಶ್ ಟೈಪ್ ಹೊಡೆದ. ಐದಕ್ಕೆ ಹತ್ತು ನಿಮಿಷವಿರುವಾಗ ಅರವತ್ತನಾಲ್ಕನೆಯದೂ ಸೇರಿತು. ಗೀತಮ್ಮ ಎಲ್ಲರಿಗೂ ಚಹಾ ಕೊಟ್ಟಳು.

ಅಷ್ಟರಲ್ಲಿ ತಾಲ್ಲೂಕು ಶಿಕ್ಷಣ ಕಚೇರಿಯ ಸಾಹೇಬರ ಫೋನು ಬಂತು. ನಾಗೇಂದ್ರಪ್ಪನವರು, "ಕಂಪ್ಯೂಟರ್ ವಿಷಯ ಅಂತ, ನೀನೇ ಮಾತಾಡು," ಎಂದು ಕೊಟ್ಟರು.

"ನಿಮ್ಮ ಕಂಪ್ಯೂಟರ್ ಹೆಂಗೈತಿ ಮಾರೇಶ್?"

ಮಾರೇಶ್ ಎದೆಯುಬ್ಬಿಸಿದ. "ಹೊಸದಕ್ಕಿಂತ ಚಲೋ ಐತ್ರಿ ಸರ್! ನಾನೇ ಬಿಚ್ಚಿ ರಿಪೇರಿ ಮಾಡೀನ್ರಿ. ಇನ್ನ ಐದು ವರ್ಷ ಚಿಂತಿ ಇಲ್ಲ."

"ಭೇಷ್! ಹೊಸ ಕಂಪ್ಯೂಟರ್ ಒಂದು ಬಂದೈತಿ. ನಿಮಗೆ ಕೊಡಬೇಕೋ ಪಕ್ಕದೂರಿನ ಶಾಲಿಗೆ ಕೊಡಬೇಕೋ ಅಂತ ಬೆಳಿಗ್ಗಿಂದ ತಲಿ ಕೆಡಿಸ್ಕೊಂಡಿದ್ದೆ. ಅವರಿಗೇ ಕೊಡ್ತೀನಿ ಬಿಡ್ರಿ. ಅವರ ಹಳೇದು ನಾಳಿ ನಿಮ್ಮ ಕಡಿ ಬರ್ತೈತಿ, ರಿಪೇರಿ ಮಾಡಿ ಇಟ್ಗೋರಿ."

ಮಾರೇಶ್ ಫೋನನ್ನು ಮೆಲ್ಲಗೆ ಕೆಳಗಿಟ್ಟ.

"ಏನಂದ್ರು?" ಎಂದು ಮೂವರೂ ಕೇಳಿದರು.

"ಭಾಳ ಹೊಗಳಿದ್ರು ಸರ್," ಎಂದ.