ನಿಂತ ಮೋಟಾರಿನ ಡ್ರೈವರ

ಶಟ್ಟೆಪ್ಪ ಅಂದು ಬೆಳಿಗ್ಗೆ ಹಾರ್ನಿನ ಹರಿದ ರಬ್ಬರಿಗೆ ಮೇಣ ಮೆತ್ತಬಾರದಾಗಿತ್ತು. ಮೆತ್ತಿದ. ಮೆತ್ತಿ, ಒತ್ತಿಯೂ ನೋಡಿದ. ಅದು ಕರು ಕಳೆದುಕೊಂಡ ಎಮ್ಮೆಯ ಹಾಗೆ ಕೂಗಿತು.

ಮುರಗೋಡದ ಸಾವಕಾರ ನಿಜಗುಣಪ್ಪನವರ ಮೋಟಾರು ಜರ್ಮನ್ ಯುದ್ಧ ಶುರುವಾದಾಗ ಕೆಟ್ಟು ನಿಂತದ್ದು, ಯುದ್ಧ ಮುಗಿದು ಎಷ್ಟೋ ಸುಗ್ಗಿ ಕಳೆದರೂ ಕೊಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂಡುತ್ತಿತ್ತು. ಮೊದಲಿನ ಡ್ರೈವರ ಬಿಟ್ಟುಹೋದ ಮೇಲೆ ಬಂದವನು ಶಟ್ಟೆಪ್ಪ. ಬೆಳಗಾವಿಯಲ್ಲಿ ಯಾರದೋ ಮೋಟಾರು ತೊಳೆದದ್ದನ್ನೇ ಮೋಟಾರಿನ ಅನುಭವವೆಂದು ಹೇಳಿ ಕೆಲಸ ಹಿಡಿದಿದ್ದ. ನಡೆಸಲು ಅವನಿಗೆ ಬರುತ್ತಿರಲಿಲ್ಲ. ನಡೆಸುವ ಪ್ರಸಂಗವೂ ಬಂದಿರಲಿಲ್ಲ. ದಿನಾ ಒರೆಸುವುದು, ಮಹಾನವಮಿಗೆ ಕಾಯಿ ಒಡೆಯುವುದು. ಅಷ್ಟಕ್ಕೆ ಸಾವಕಾರರ ವಾಡೆಯಲ್ಲೊಂದು ಕೋಣೆ, ವರ್ಷದ ಜೋಳ, ಜೊತೆಗೆ ‘ವರ ಡ್ರೈವರ’ ಎಂಬ ಮಾತಿಗೆ ಮರುಳಾಗಿ ಸಾಲಹಳ್ಳಿಯವರು ಕೊಟ್ಟ ಹೆಂಡತಿ ಮಾಯವ್ವ.

ಕೂಗು ಕೇಳಿ ಸಾವಕಾರರು ಬಾಯಲ್ಲಿದ್ದ ಬೇವಿನ ಕಡ್ಡಿಯೊಂದಿಗೇ ಓಡಿ ಬಂದರು.

“ಅಂದ್ರ ಇದಕ್ಕ ಇನ್ನೂ ಜೀವ ಐತಿ. ಸಂಜೀಕ ರಾಮದುರ್ಗದ ಬೀಗರು ಮಗಳ ಲಗ್ನದ ಮಾತು ಮುಗಸಾಕ ಬರಾವರದಾರ. ಊರ ಅಗಸಿ ಬಾಗಲಿಗೆ ಮೋಟಾರ ಒಯ್ದು ಕರಕೊಂಡು ಬಾ.”

ಶಟ್ಟೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೋಟಾರು ಓಡಿದರೆ ತನ್ನ ಬಣ್ಣ ಬಯಲಾಗುತ್ತದೆ. ಕೋಣೆ, ಜೋಳ, ಮಾಯವ್ವನ ಮುಂದಿನ ಮರ್ಯಾದೆ ಎಲ್ಲ ಒಂದೇ ದಿನ ಹೋಗುತ್ತವೆ. ಇಷ್ಟು ವರ್ಷ ಮುಚ್ಚಿಟ್ಟ ಮೋಟಾರಿನ ಕುಂದುಗಳನ್ನು ಅವನು ಒಂದೊಂದಾಗಿ ಹೊರಗೆ ತೆಗೆದ.

“ಹೋಗತಿದ್ದೆರಿ ಸಾವಕಾರ್ರ. ಆದರ ಟಾಯರ ಒಣಗಿ ಹಪ್ಪಳ ಆಗ್ಯಾವ. ಗಾಳಿ ನಿಂದ್ರೂದಿಲ್ಲ.”

ಎದುರು ಮನೆಯಲ್ಲಿ ಹತ್ತಿ ಹಿಂಜುತ್ತಿದ್ದ ಗಾದಿ ಹೊಲಿಯುವ ಖಾಸಿಮಸಾಬ ಕೈ ನಿಲ್ಲಿಸಿದ. “ಗಾಳಿ ಯಾಕ ಬೇಕೋ ಮಾರಾಯಾ. ನಾ ಹತ್ತಿ ತುಂಬತೇನಿ. ನನ್ನ ಗಾದಿ ಕುಸದೈತಿ ಅಂತ ಒಬ್ಬರರ ಬಂದಾರೇನು?”

ಮಧ್ಯಾಹ್ನಕ್ಕೆ ನಾಲ್ಕೂ ಗಾಲಿ ಅತ್ತೆಮನೆಯಲ್ಲಿ ಉಂಡೆದ್ದ ಅಳಿಯನ ಹೊಟ್ಟೆಯ ಹಾಗೆ ಉಬ್ಬಿದ್ದವು.

“ಪೆಟ್ರೋಲರಿ?”

“ಬೈಲಹೊಂಗಲದಿಂದ ಡಬ್ಬಿ ತರಿಸೇನಿ” ಎಂದರು ಸಾವಕಾರರು.

“ನೀರಿನ ಟಾಕಿ ಜರಡಿ ಆಗೇತ್ರಿ.”

“ಸರೀರಿ ಅತ್ಲಾಗ” ಎಂದು ಮಾಯವ್ವ ಉದ್ದಿನ ಹಿಟ್ಟಿಗೆ ಸುಣ್ಣ ಕಲಸಿಕೊಂಡು ಬಂದಳು. “ಮಾಳಗಿ ಸೋರಿದ್ರ ಇದನ್ನ ಮೆತ್ತೂದಿಲ್ಲೇನು? ಇದ್ಯಾವ ದೊಡ್ಡದು.” ಮೆತ್ತುತ್ತ ಗಂಡನಿಗಷ್ಟೇ ಕೇಳುವಂತೆ ಹೇಳಿದಳು: “ಒಮ್ಮೆ ಸಾಲಹಳ್ಳಿಗೆ ಹೋಗೂಣ್ರಿ. ಅಣ್ಣನ ಮನಿ ಮುಂದ ಮೋಟಾರದಿಂದ ಇಳೀಬೇಕು ನಾನು. ‘ನಿನ್ನ ಗಂಡ ಕೋಳಿ ಕಾಯ್ತಾನಂತಲ್ಲ’ ಅಂತ ವೈನಿ ನಗತಾಳ.”

ಶಟ್ಟೆಪ್ಪನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅಲ್ಲಿಂದ ಜಾರಿ, ಎಂಜಿನ್ನು ತಿರುವುವ ಹ್ಯಾಂಡಲನ್ನು ಧೋತರದಲ್ಲಿ ಸುತ್ತಿಕೊಂಡು ಹೋಗಿ ಅಗಸಿಯ ಹೊರಗಿನ ಕಣಕಿ ಬಣವೆಯಲ್ಲಿ ಹೂತು ಬಂದ.

“ಎಲ್ಲಾ ಆತ್ರಿ. ಹ್ಯಾಂಡಲ ಒಂದು ಕಳದೈತಿ” ಎಂದ, ಅಳು ಬಂದವನಂತೆ.

“ಹ್ಯಾಂಡಲ ಯಾಕ? ನನ್ನ ಎತ್ತು ಸತ್ತಾವೇನು?” ಎಂದ ಲಗಮಪ್ಪ. ಅವನು ಸಾವಕಾರರ ಕಮತದ ಆಳು. ಯಾರೂ ಉತ್ತರ ಕೊಡುವ ಮೊದಲೇ ಮೋಟಾರಿಗೆ ಹಗ್ಗ ಬಿಗಿದು ಎತ್ತು ಹೂಡಿದ.

ಓಣಿಯೆಲ್ಲ ಸೇರಿತು. ಶಟ್ಟೆಪ್ಪನನ್ನು ಸೀಟಿನಲ್ಲಿ ಕೂರಿಸಿದರು. ಡ್ರೈವರ ಅನ್ನಿಸಿಕೊಂಡ ಮೇಲೆ ಏನಾದರೂ ಮಾಡಬೇಕಲ್ಲ ಎಂದು ಕೈಗೆ ಸಿಕ್ಕದ್ದನ್ನೆಲ್ಲ ಎಳೆದ, ಕಾಲಿಗೆ ಸಿಕ್ಕದ್ದನ್ನೆಲ್ಲ ತುಳಿದ. ಎತ್ತು ಎಳೆದವು. ಎಂಜಿನ್ನು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಗರ್ಜಿಸಿಯೇ ಬಿಟ್ಟಿತು. ಎತ್ತು ಬೆದರಿ ಹಗ್ಗ ಹರಿದುಕೊಂಡು ಪಕ್ಕದ ಓಣಿಗೆ ನುಗ್ಗಿದವು. ಮೋಟಾರು ನೆಟ್ಟಗೆ ಅಗಸಿಯ ದಾರಿ ಹಿಡಿಯಿತು.

“ನಿಂದರಸೋ” ಎಂದು ಖಾಸಿಮಸಾಬ ಹಿಂದೆ ಓಡಿದ. ಗಾಲಿಯಿಂದ ಅವನ ಹತ್ತಿ ಉದುರುತ್ತಿತ್ತು.

ಎಲ್ಲಿ ಒತ್ತಿದರೆ ನಿಲ್ಲುತ್ತದೆಂದು ತಿಳಿಯದೆ ಶಟ್ಟೆಪ್ಪ ಹಾರ್ನು ಒತ್ತಿದ. ಅಗಸಿ ದಾಟಿದರೆ ಎದುರಿಗೇ ಬೀಗರ ಸವಾರಿ ಬಂಡಿ. ಅವನು ಕಣ್ಣು ಮುಚ್ಚಿ ಕೈಯಲ್ಲಿದ್ದ ಚಕ್ರ ತಿರುವಿದ. ಮೋಟಾರು ಬಣವೆಯೊಳಗೆ ಮೂಗು ತೂರಿಸಿ ಆರಿಹೋಯಿತು. ಹೂತಿಟ್ಟ ಹ್ಯಾಂಡಲು ಜಾರಿ ಅವನ ತೊಡೆಯ ಮೇಲೇ ಬಿತ್ತು.

ಮುಗಿಯಿತು ಎಂದುಕೊಂಡ ಶಟ್ಟೆಪ್ಪ.

ರಾಮದುರ್ಗದ ಬೀಗರು ಬಂಡಿಯಿಂದ ಇಳಿದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟು, ಹಿಂದೆ ಓಡಿ ಬಂದ ಸಾವಕಾರರತ್ತ ತಿರುಗಿದರು. “ಏನ ಡ್ರೈವರರಿ ನಿಮ್ಮಾಂವ. ನಮ್ಮ ಎತ್ತು ಬೆದರಬಾರದಂತ ಮೋಟಾರನ್ನ ಬಣವಿಗೆ ಹೊಗಿಸಿ ನಿಂದರಸಿದ. ಎತ್ತಿನ ಬ್ಯಾನಿ ಬಲ್ಲ ಡ್ರೈವರನ್ನ ನಾ ನೋಡೇ ಇಲ್ಲ. ನಿಜಗುಣಪ್ಪಾವ್ರ, ಬಳುವಳಿ ಮಾತು ಮುಗೀತು. ಬಂಗಾರ ಬ್ಯಾಡ. ಈ ಮೋಟಾರ ಕೊಡ್ರಿ, ಜೋಡಿ ಇವನ್ನೂ ಕೊಡ್ರಿ. ನಾಳೆ ಇದರಾಗನ ಊರಿಗೆ ಹೋಗತೇವಿ.”

“ಒಯ್ರಿ” ಎಂದರು ಸಾವಕಾರರು, ಒಂದು ಕ್ಷಣವೂ ಯೋಚಿಸದೆ.

ಬೇರೆ ಎತ್ತು ಹೂಡಿ ಮೋಟಾರನ್ನು ಕೊಟ್ಟಿಗೆಗೆ ಎಳೆತಂದರು. ಶಟ್ಟೆಪ್ಪ ಸಾವಕಾರರನ್ನು ಮರೆಗೆ ಕರೆದು ಕೈ ಮುಗಿದ. “ತಪ್ಪಾತ್ರಿ. ನನಗ ಮೋಟಾರ ಹೊಡ್ಯಾಕ ಬರೂದಿಲ್ಲ.”

“ಮೆಲ್ಲಕ ಮಾತಾಡು. ಅದು ಮೊದಲ ದಿನದಿಂದ ನನಗ ಗೊತ್ತೈತಿ” ಎಂದರು ಸಾವಕಾರರು. “ಹೊಡ್ಯಾಕ ಬರಾವ್ರು ಪಗಾರ ಭಾಳ ಕೇಳತಿದ್ರು. ನಿಂತ ಮೋಟಾರಕ್ಕ ನೀನ ಸಾಕಿದ್ದಿ. ಇವತ್ತ ಅದು ಬೀಗರ ಕಣ್ಣಿಗೆ ಬಿದ್ರ ಸಾಕಾಗಿತ್ತು. ಇನ್ನ ಅದು ಬೀಗರ ಚಿಂತಿ.”

ಶಟ್ಟೆಪ್ಪ ತಿರುಗಿ ನೋಡಿದ. ಮಾಯವ್ವ ಕೋಳಿಯನ್ನು ಎಬ್ಬಿಸಿ, ಹಿಂದಿನ ಸೀಟು ಒರೆಸಿ, ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಆಗಲೇ ಕೂತಿದ್ದಳು.

“ರಾಮದುರ್ಗದ ದಾರ್ಯಾಗ ಸಾಲಹಳ್ಳಿಗೆ ಹಾದು ಹೋಗೂಣ್ರಿ. ಅಣ್ಣನ ಮನಿ ಮುಂದ ಹಾರ್ನ ಹ್ಯಾಂಗ ಒತ್ತತೀರಿ, ಈಗೊಮ್ಮೆ ಒತ್ತಿ ತೋರಸ್ರಿ.”

ಶಟ್ಟೆಪ್ಪ ಹಾರ್ನು ಒತ್ತಿದ. ಅವನಿಗೆ ಬರುತ್ತಿದ್ದುದು ಅದೊಂದೇ.