ಎಂಟನೇ ಎಲೆಗೂ ಒಂಬತ್ತನೇ ಎಲೆಗೂ ನಡುವೆ

ಮುನೀಂದ್ರನ ತಂಡ ಸಾಲಾಗಿ ಏಳನೇ ಪಂದ್ಯವನ್ನೂ ಸೋತಿತ್ತು. ಸೋತದ್ದಕ್ಕಿಂತ ಹೆಚ್ಚಾಗಿ ಅವನನ್ನು ನೋಯಿಸಿದ್ದು, ಸೋತ ಮ್ಯಾನೇಜರನ್ನು ಕಂಡು ಮನೆಯಲ್ಲಿ ಒಬ್ಬರೂ ‘ಅಯ್ಯೋ’ ಅನ್ನಲಿಲ್ಲ ಎಂಬುದು.

ತಂಡವೆಂದರೆ ಮೈಯಿರುವ, ಬೆವರುವ ತಂಡವಲ್ಲ. ಫೋನಿನಲ್ಲಿ ಆಡುವ ಫುಟ್‌ಬಾಲ್ ಮ್ಯಾನೇಜರ್ ಆಟ. ಅದರಲ್ಲಿ ನಾವು ಚೆಂಡು ಒದೆಯುವಂತಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾರ ಮೇಲೆ ಬೀಳಬೇಕು ಎಂದು ತಂತ್ರ ಹೂಡಿ ಕೂತರೆ, ಪಂದ್ಯದ ಹೊತ್ತಿಗೆ ಪರದೆಯ ಮೇಲೆ ಬಣ್ಣದ ಚುಕ್ಕಿಗಳು ತಾವೇ ಓಡಾಡುತ್ತವೆ. ಮುನೀಂದ್ರನಿಗೆ ಹೇಳಿ ಮಾಡಿಸಿದ ಆಟ. (ಅವನು ಜನ್ಮದಲ್ಲಿ ಚೆಂಡು ಒದ್ದದ್ದು ಒಮ್ಮೆ, ಹೈಸ್ಕೂಲಿನಲ್ಲಿ. ಚಪ್ಪಲಿ ಗೋಲಿನೊಳಗೆ ಹೋಯಿತು. ಚೆಂಡು ಇದ್ದಲ್ಲೇ ಇತ್ತು.)

ದೊಡ್ಡಬಳ್ಳಾಪುರದ ಪಕ್ಕದ ಬಾಶೆಟ್ಟಿಹಳ್ಳಿಯಲ್ಲಿ ಬಾಟಲಿಗಳಿಗೆ ಮುಚ್ಚಳ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. ಮುಚ್ಚಳ ಬಿಗಿಯಾಗಿ ಕೂರುತ್ತದೋ ಇಲ್ಲವೋ ಎಂದು ತಿರುಗಿಸಿ ನೋಡಿ ‘ಪಾಸ್’ ಅನ್ನುವುದು ಅವನ ವೃತ್ತಿ. ಅಲ್ಲಿನ ಗೆಳೆಯರೆಲ್ಲ ಸೇರಿ ಆ ಆಟದಲ್ಲಿ ಒಂದು ಲೀಗ್ ಕಟ್ಟಿಕೊಂಡಿದ್ದರು. ಡಿಸ್‌ಪ್ಯಾಚ್ ವಿಭಾಗದ ಖಲೀಲನ ‘ಬಾಶೆಟ್ಟಿಹಳ್ಳಿ ಬುಲೆಟ್ಸ್’ ಪಟ್ಟಿಯ ತುದಿಯಲ್ಲಿತ್ತು. ಮುನೀಂದ್ರನ ‘ಮಾಕಳಿದುರ್ಗ ಯುನೈಟೆಡ್’ ಹೆಸರಿಗಷ್ಟೇ ದುರ್ಗ. ಯಾರು ಬೇಕಾದರೂ ಒಳಗೆ ನುಗ್ಗಿ ಗೋಲು ಹೊಡೆದು ಹೋಗುತ್ತಿದ್ದರು.

ಗೋಲುಗಳೆಲ್ಲ ಒಂದೇ ಬಗೆಯವು. ಮುನೀಂದ್ರನ ಮಧ್ಯದ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಎದುರಾಳಿಯೊಬ್ಬ ಬಸ್ಸಿಗೆ ಕಾಯುವವನಂತೆ ನಿರಾಳವಾಗಿ ನಿಂತಿರುತ್ತಿದ್ದ. ಚೆಂಡು ಅವನ ಕಾಲಿಗೆ ಬರುತ್ತಿತ್ತು. ಮುಂದಿನದನ್ನು ಹೇಳಬೇಕಾಗಿಲ್ಲ. ಮುನೀಂದ್ರ ಪ್ರತಿ ಸೋಲಿನ ನಂತರವೂ ತನ್ನ ತಂತ್ರಕ್ಕೆ ಇನ್ನಷ್ಟು ಸಾಣೆ ಹಿಡಿಯುತ್ತಿದ್ದ. ಮಗಳ ಮದುವೆಯಲ್ಲಿ ಉಳಿದ ಲಗ್ನಪತ್ರಿಕೆಗಳ ಬೆನ್ನಿಗೆಲ್ಲ ಬಾಣಗಳು, ವೃತ್ತಗಳು. ನಾಲ್ವರಿದ್ದ ಕಡೆ ಮೂವರು, ಎಡದವನು ಬಲಕ್ಕೆ, ಬಲದವನು ಬೆಂಚಿಗೆ. ‘ಆಟಗಾರರು ಗೊಂದಲದಲ್ಲಿದ್ದಾರೆ’ ಎಂದು ಆಟವೇ ಎಚ್ಚರಿಸಿತ್ತು. ಪ್ರತಿಭೆಯನ್ನು ಕಂಡವರು ಮೊದಮೊದಲು ಗೊಂದಲಗೊಳ್ಳುವುದು ಸಹಜವೆಂದು ಮುನೀಂದ್ರ ಅದನ್ನು ಕ್ಷಮಿಸಿದ್ದ.

“ಮುನೀಂದ್ರಣ್ಣ, ಒಂದು ಟೀಮ್ ಇಟ್ಬಿಟ್ಟು ಸುಮ್ನೆ ಬಿಟ್ಬಿಡಿ,” ಎಂದು ಖಲೀಲ್ ಟೀ ಕುಡಿಯುವಾಗ ಹೇಳಿದ್ದ. “ನೀವು ದಿನಾ ಕೆದಕಿದ್ರೆ ಅವರಾದ್ರೂ ಏನ್ ಮಾಡ್ತಾರೆ ಪಾಪ?”

“ನಿನಗೆ ತಂತ್ರದ ಆಳ ಗೊತ್ತಿಲ್ಲ ಕಣೋ ಖಲೀಲ್.”

“ಇಲ್ಲ ಅಣ್ಣ. ಅದಕ್ಕೇ ಗೆಲ್ತಿದೀನಿ.”

ಈಗ ಆಟದೊಳಗಿನ ಆಡಳಿತ ಮಂಡಳಿಯಿಂದ ನೋಟೀಸು ಬಂದಿತ್ತು: ಭಾನುವಾರದ ಪಂದ್ಯ ಸೋತರೆ ಮ್ಯಾನೇಜರನ್ನು ವಜಾ ಮಾಡಲಾಗುವುದು. ಭಾನುವಾರದ ಎದುರಾಳಿ, ಇದೇ ಖಲೀಲನ ಬುಲೆಟ್ಸ್. ಕಾರ್ಖಾನೆಯಲ್ಲಿ ಇಷ್ಟು ವರ್ಷ ಒಂದು ಮೆಮೊ ತಿನ್ನದ ಮನುಷ್ಯನಿಗೆ, ಇಲ್ಲದ ಕಂಪನಿಯ ಇಲ್ಲದ ಡೈರೆಕ್ಟರುಗಳು ಕೊಟ್ಟ ಮೆಮೊ ಎದೆಗೇ ತಾಗಿತು.

“ರೀ, ಭಾನುವಾರ ಬೀಗರೂಟ. ಮಟನ್‌ಗೆ ಹೇಳಿದ್ರಾ?” ಎಂದು ಹೆಂಡತಿ ಮಮತ ಕೇಳಿದಾಗ ಅವನು ಗರ ಬಡಿದವನಂತೆ ಕೂತಿದ್ದ.

“ಕೆಲಸ ಹೋಗೋ ಥರ ಇದೆ ಮಮತಾ.”

ಮಮತಳ ಕೈಯಲ್ಲಿದ್ದ ಈರುಳ್ಳಿ ಕೆಳಗೆ ಬಿತ್ತು. “ಅಯ್ಯೋ ದೇವ್ರೇ! ಏನಾಯ್ತ್ರೀ? ಕಾರ್ಖಾನೆ ಮುಚ್ತಾರಾ?”

“ಕಾರ್ಖಾನೆ ಅಲ್ಲ. ಮಾಕಳಿದುರ್ಗ.”

ಮಮತ ಒಂದು ಕ್ಷಣ ಗಂಡನ ಮುಖವನ್ನೂ ಫೋನನ್ನೂ ನೋಡಿದಳು. ಈರುಳ್ಳಿ ಎತ್ತಿಕೊಂಡಳು. “ಇನ್ನೊಂದ್ ಸಲ ಹಿಂಗೆ ಎದೆ ಒಡೆಸಿದ್ರೆ ಆ ಫೋನನ್ನ ಸಾರಿಗೆ ಹಾಕಿ ಕುದಿಸ್ತೀನಿ. ಬೈಲಪ್ಪನೋರು ಬರ್ತಾವ್ರೆ, ಗೊತ್ತಲ್ಲ?”

ಗೊತ್ತಿಲ್ಲದೆ ಏನು? ಮಗಳು ರಮ್ಯಶ್ರೀಯನ್ನು ಕೊಟ್ಟಿದ್ದು ತ್ಯಾಮಗೊಂಡ್ಲು ಕಡೆಗೆ. ಅಳಿಯನ ದೊಡ್ಡಪ್ಪ ಬೈಲಪ್ಪನವರು ಆ ವಂಶದ ಹೈಕೋರ್ಟು. ಹಿಂದೆ ಯಾವುದೋ ಬೀಗರೂಟದಲ್ಲಿ ಯಾರೂ ಸರಿಯಾಗಿ ಉಪಚಾರ ಮಾಡಲಿಲ್ಲವೆಂದು ಅವರು ಎಲೆ ಮಡಿಸಿ ಎದ್ದುಹೋಗಿದ್ದರು. ಆ ಊಟ ಹಾಕಿದವರ ಮಗಳು ಅತ್ತೆಮನೆಯಲ್ಲಿ ಈಗಲೂ ಅದರ ಮಾತು ಕೇಳುತ್ತಿದ್ದಾಳಂತೆ. ಮಮತಳಿಗೆ ಇದ್ದದ್ದು ಅದೊಂದೇ ಚಿಂತೆ: ತನ್ನ ಮಗಳು ಅಂಥ ಮಾತು ಕೇಳಬಾರದು.

ಬೀಗರಿಗೆ ಬಡಿಸುವುದು ಸಾಮಾನ್ಯ ವಿದ್ಯೆಯಲ್ಲ. ಬೀಗರು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳದಿದ್ದರೂ ಎಲೆಗೆ ಬೀಳಬೇಕು. ಬೀಳುವಾಗ ಅವರು ಬೇಡ ಎನ್ನಬೇಕು. ಬೇಡ ಎಂದಾಗ ಹಾಕಲೇಬೇಕು. ಹಾಕದೆ ‘ಆಯ್ತು ಬಿಡಿ’ ಎಂದು ಮುಂದೆ ಹೋದವನ ಸಂಬಂಧವೂ ಅಲ್ಲಿಗೆ ಮುಂದೆ ಹೋದಂತೆಯೇ.

ಇದನ್ನೆಲ್ಲ ಯೋಚಿಸುತ್ತಿದ್ದ ಮುನೀಂದ್ರನಿಗೆ ಆ ಹೊತ್ತಿನಲ್ಲಿ ಜ್ಞಾನೋದಯವಾಯಿತು. ಪಂಕ್ತಿ ಎಂದರೇನು? ಒಂದು ಮೈದಾನ. ಬಡಿಸುವವರು? ಒಂದು ತಂಡ. ಇಷ್ಟು ದಿನ ಗೆಲುವು ಒಲಿಯದಿದ್ದದ್ದು ಚುಕ್ಕಿಗಳ ದೋಷ. ಕೈಕಾಲಿರುವ ಮನುಷ್ಯರು ಸಿಕ್ಕರೆ ಅವನ ತಂತ್ರ ಏನೆಂಬುದು ದೊಡ್ಡಬಳ್ಳಾಪುರಕ್ಕೇ ತಿಳಿಯುತ್ತದೆ.

“ಬಡಿಸೋದು ನನಗೆ ಬಿಡು,” ಎಂದ.

“ನಿಮಗಾ?” ಎಂದಳು ಮಮತ. ಆ ಒಂದು ಪದದಲ್ಲಿ ಇಪ್ಪತ್ತಾರು ವರ್ಷದ ಸಂಸಾರವಿತ್ತು.

ಭಾನುವಾರ ಬೆಳಗ್ಗೆ ಮನೆಮುಂದೆ ಶಾಮಿಯಾನ ಎದ್ದಿತು. ಬೀದಿಯ ಮಗ್ಗಗಳು ಆ ದಿನ ಸುಮ್ಮನಿದ್ದವು. ಹಿತ್ತಲಿನಲ್ಲಿ ಅಡುಗೆ ಅಪ್ಪಯ್ಯಣ್ಣನ ಹಂಡೆಯಿಂದ ಮಸಾಲೆಯ ಘಮ ಹೊರಟು, ಬೀದಿನಾಯಿಗಳು ಆಹ್ವಾನವಿಲ್ಲದೆಯೇ ಶಿಸ್ತಾಗಿ ಬಂದು ಕೂತಿದ್ದವು. ಮುನೀಂದ್ರ ಬಡಿಸುವ ಹುಡುಗರನ್ನು ನೀರಿನ ಡ್ರಮ್ಮಿನ ಪಕ್ಕ ಸಾಲಾಗಿ ನಿಲ್ಲಿಸಿದ. ಮುಖ್ಯರು ಇಬ್ಬರು: ಮಮತಳ ತಮ್ಮ ಮಂಜೇಶ್, ಮುನೀಂದ್ರನ ಅಣ್ಣನ ಮಗ ನವೀನ್‌ಕುಮಾರ್.

“ನೋಡ್ರಪ್ಪಾ, ಹಳೇ ಪದ್ಧತಿ ಮರೆತ್ಬಿಡಿ. ಒಬ್ಬ ಮುದ್ದೆ ಹಿಡ್ಕೊಂಡು ಸಾಲಿನ ತುದೀವರೆಗೂ ಹೋಗೋದು, ಹಿಂದೇನೆ ಒಬ್ಬ ಸಾರು ಹಿಡ್ಕೊಂಡು ಹೋಗೋದು, ಇದೆಲ್ಲ ವೇಸ್ಟು. ಎಲ್ಲರೂ ಎಲ್ಲಾ ಕಡೆ ಓಡ್ತಾರೆ, ಯಾರಿಗೂ ಜವಾಬ್ದಾರಿ ಇರಲ್ಲ. ಇವತ್ತು ವಲಯ ಪದ್ಧತಿ.” ಲಗ್ನಪತ್ರಿಕೆಯೊಂದನ್ನು ತಿರುಗಿಸಿ ಹಿಡಿದ. “ಮಂಜೇಶ, ಒಂದರಿಂದ ಎಂಟನೇ ಎಲೆ ನಿಂದು. ನವೀನ, ಒಂಬತ್ತರಿಂದ ಹದಿನಾರು. ನಿಮ್ಮ ವಲಯಕ್ಕೆ ಮುದ್ದೆ, ಸಾರು, ಚಾಪ್ಸು, ಬೋಟಿ, ಎಲ್ಲಾ ನೀವೇ. ಬೇರೆಯವನ ವಲಯಕ್ಕೆ ಕಾಲಿಡಂಗಿಲ್ಲ. ಉಳಿದಿಬ್ಬರು ಎದುರುಗಡೆ ಸಾಲು.”

“ಭಾವ, ಇಷ್ಟೊಂದು ಯಾಕೆ? ಬಕೆಟ್ ಕೊಡಿ, ಹಾಕ್ಕೊಂಡು ಹೋಗ್ತೀವಿ,” ಎಂದ ಮಂಜೇಶ್.

“ಆಮೇಲೆ ಒತ್ತಡ. ಬೇಡ ಅಂದೋರ ಮೇಲೆ ಬೀಳಬೇಕು. ಉಸಿರಾಡೋಕೆ ಬಿಡಬಾರದು.”

“ಚಿಕ್ಕಪ್ಪ, ಅವರು ಊಟಕ್ಕೆ ಬರ್ತಿರೋದಲ್ವಾ?” ಎಂದು ನವೀನ್‌ಕುಮಾರ್ ಅನುಮಾನಿಸಿದ.

ಪಂದ್ಯವೂ ಊಟವೂ ಒಂದೇ ಹೊತ್ತಿಗೆ, ಮಧ್ಯಾಹ್ನ ಒಂದಕ್ಕೆ. ಬಡಿಸುವ ಮಧ್ಯೆ ಮಾಕಳಿದುರ್ಗದ ಕಡೆಗೂ ಒಂದು ಕಣ್ಣಿಡಬಹುದೆಂದು ಮುನೀಂದ್ರ ಅಂದುಕೊಂಡಿದ್ದ. ಆದರೆ ಬೀಗರ ಬಸ್ಸು ಬೀದಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ ಮಮತ ಅವನ ಅಂಗಿಜೇಬಿಗೆ ಕೈಹಾಕಿ ಫೋನು ತೆಗೆದುಕೊಂಡು ಒಳಗೆ ಹೋದಳು. ಅಕ್ಕಿ ಡಬ್ಬದ ಮುಚ್ಚಳ ಬಿದ್ದ ಸದ್ದು ಹೊರಗೆ ಕೇಳಿಸಿತು.

“ಟೀಮ್ ಇನ್ನೂ ಆಯ್ಕೆ ಮಾಡಿಲ್ಲ ಕಣೇ! ನಾನು ಮಾಡದಿದ್ರೆ ಆಟದಲ್ಲಿರೋ ಅಸಿಸ್ಟೆಂಟ್ ಮಾಡ್ಬಿಡ್ತಾನೆ!”

“ಮಾಡ್ಲಿ. ಅವನಿಗಾದ್ರೂ ಬೀಗರಿಲ್ಲ. ನಡೀರಿ, ಬಂದ್ರು.”

ಬೈಲಪ್ಪನವರು ಬಿಳೀ ಪಂಚೆ, ಬಿಳೀ ಮೀಸೆ, ತೂಗಿ ಅಳೆಯುವ ನೋಟದೊಂದಿಗೆ ಇಳಿದರು. ಮುನೀಂದ್ರ ಅವರಿಗಾಗಿ ಮೊದಲನೇ ಎಲೆಯನ್ನೇ ಕಾದಿರಿಸಿದ್ದ. ಆದರೆ ಮೊದಲನೇ ಎಲೆಗೆ ಬಿಸಿಲು ಹೊಡೆಯುತ್ತಿತ್ತು. “ಇಲ್ಲಿ ಫ್ಯಾನಿನ ಗಾಳಿ ಚೆನ್ನಾಗೈತೆ,” ಎಂದು ಅವರು ಸಾಲಿನ ನಡುಮಧ್ಯಕ್ಕೆ ಬಂದರು. ಅವರು ನಿಂತರೆಂದ ಮೇಲೆ ಆ ಕಡೆಯವರು ಆ ಕಡೆ ಸರಿದರು, ಈ ಕಡೆಯವರು ಈ ಕಡೆ ಸರಿದರು. ಯಾರೋ ಒಂದು ಕುರ್ಚಿ ತಂದಿಟ್ಟರು, ಇನ್ಯಾರೋ ಒಂದು ಎಲೆ ಹಾಸಿದರು. ಎಂಟನೇ ಎಲೆಗೂ ಒಂಬತ್ತನೇ ಎಲೆಗೂ ನಡುವೆ ಹೀಗೆ ಲೆಕ್ಕಕ್ಕಿಲ್ಲದ ಒಂದು ಎಲೆ ಹುಟ್ಟಿತು. ಸುಣ್ಣದ ಡಬ್ಬಿ ಹುಡುಕಿಸುತ್ತಿದ್ದ ಮುನೀಂದ್ರ ಇದನ್ನು ನೋಡಲಿಲ್ಲ.

ಆಟ ಶುರುವಾಯಿತು. ಮಂಜೇಶ್ ತನ್ನ ಎಂಟು ಎಲೆಗೆ ಮುದ್ದೆ ಇಟ್ಟು ಸಾರಿಗೆಂದು ಹಿತ್ತಲಿಗೆ ಓಡಿದ. ಅಲ್ಲಿ ನಾಲ್ಕು ಜನವೂ ಒಟ್ಟಿಗೇ ಸಾರಿಗೆ ಬಂದು, ಅಪ್ಪಯ್ಯಣ್ಣ ಸೌಟು ಎತ್ತಿ “ಲೇ, ಸರದಿ ಮೇಲೆ ಬರ್ರಲಾ!” ಎಂದು ಗದರುತ್ತಿದ್ದ. ಹೀಗಾಗಿ ಪಂಕ್ತಿಯ ಒಂದು ತುದಿಯಲ್ಲಿ ಸಾರಿಲ್ಲದ ಮುದ್ದೆ ಆರುತ್ತಿತ್ತು, ಇನ್ನೊಂದು ತುದಿಯಲ್ಲಿ ಮುದ್ದೆ ಇಲ್ಲದ ಸಾರು ಎಲೆಯಿಂದ ಹರಿದು ಮಡಿಲಿಗೆ ಬರುತ್ತಿತ್ತು. ‘ಒತ್ತಡ’ದ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ ಹುಡುಗನೊಬ್ಬ, ಹಲ್ಲಿಲ್ಲದ ಅಜ್ಜಿಯೊಬ್ಬರು ಎರಡೂ ಕೈ ಅಡ್ಡ ಹಿಡಿದರೂ ಬಿಡದೆ, ಬೆರಳ ಸಂದಿಯಿಂದ ಮೂಳೆ ಇಳಿಸುತ್ತಿದ್ದ.

ಲೆಕ್ಕಕ್ಕಿಲ್ಲದ ಎಲೆ ಮಾತ್ರ ತೊಳೆದಂತಿತ್ತು. ಬೈಲಪ್ಪನವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಡಗಡೆಯವರು ಚಾಪ್ಸ್ ಕಚ್ಚುತ್ತಿದ್ದರು. ಬಲಗಡೆಯವರು ಬೋಟಿ ಗೊಜ್ಜು ನೆಕ್ಕುತ್ತಿದ್ದರು. ಇವರು ಕೇಳಲಿಲ್ಲ, ಬೀಗರು ಕೇಳುವಂತಿಲ್ಲ. ಎಲೆಯ ಅಂಚನ್ನು ಬೆರಳಿನಿಂದ ಒಮ್ಮೆ ನೀವಿದರು. ನೋಡುವವರಿಗೆ ಅದು ಮಡಿಸುವ ತಾಲೀಮಿನಂತೆ ಕಂಡಿತು.

ಮಮತ ಬಾಗಿಲಿನಿಂದ ನೋಡಿದಳು. ಕಣ್ಣಲ್ಲೇ ಗಂಡನಿಗೆ ತೋರಿಸಿದಳು. ಮುನೀಂದ್ರ ಧಾವಿಸಿದ.

“ಮಂಜೇಶ! ಇವರಿಗ್ಯಾಕೋ ಹಾಕಿಲ್ಲ?”

“ಭಾವ, ನಂದು ಎಂಟೇ. ಎಣಿಸಿ ಬೇಕಾದ್ರೆ.”

“ನವೀನ!”

“ನಂದು ಒಂಬತ್ತರಿಂದ ಚಿಕ್ಕಪ್ಪ. ಬೇರೆಯವನ ವಲಯಕ್ಕೆ ಕಾಲಿಡಬೇಡ ಅಂದಿದ್ರಲ್ಲ?”

ಮುನೀಂದ್ರ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ನಡುವೆ ಬಸ್ಸಿಗೆ ಕಾಯುವವರಂತೆ ಕೂತಿದ್ದ ಬೈಲಪ್ಪನವರನ್ನು ನೋಡಿದ. ಅವನ ಮುಖದಲ್ಲಿ ಬೆಳಕು ಮೂಡಿತು. ಏಳು ಪಂದ್ಯಗಳ ಒಗಟು ಬಿಡಿಸಿಕೊಂಡಿತ್ತು. ಇವನು ಅವನ ಪಾಲಿಗೆಂದು, ಅವನು ಇವನ ಪಾಲಿಗೆಂದು ಬಿಟ್ಟ ಜಾಗ!

“ಇಲ್ಲೇ!” ಎಂದು ಕಿರುಚಿ ಬೀಗರ ಖಾಲಿ ಎಲೆಗೆ ಬೆರಳು ತೋರಿಸಿದ. “ಇಲ್ಲೇ ಕಣ್ರೋ ಗೋಲ್ ಆಗ್ತಿರೋದು! ಇಷ್ಟು ದಿನ ನನಗೆ ಹೊಳೀಲೇ ಇಲ್ವಲ್ಲೋ!”

ಖಾಲಿ ಎಲೆಯ ಮುಂದೆ ಕೂತ ಬೀಗರನ್ನು ಕಂಡು ಹೆಣ್ಣಿನ ಅಪ್ಪ ಸಂಭ್ರಮಪಡುವುದನ್ನು ತ್ಯಾಮಗೊಂಡ್ಲು ಹಿಂದೆಂದೂ ನೋಡಿರಲಿಲ್ಲ.

ಬೈಲಪ್ಪನವರ ಕೈ ಎಲೆಯ ತುದಿಗೆ ಹೋಯಿತು. ಅಷ್ಟರಲ್ಲಿ ಮಮತ ಒಂದು ಪುಟ್ಟ ಪಾತ್ರೆಯನ್ನು ಸೆರಗಿನಿಂದ ಹಿಡಿದು ಮುಂದೆ ಬಂದಿದ್ದಳು.

“ಬೀಗರೇ, ತಪ್ಪು ತಿಳ್ಕೋಬೇಡಿ. ಎಲ್ಲಾರ್ಗೂ ಹಾಕೋ ಬಕೆಟ್ಟಿಂದ ನಿಮಗೆ ಯಾರೂ ಹಾಕ್ಬೇಡಿ ಅಂತ ನಾನೇ ಹೇಳಿದ್ದೆ. ನಿಮಗೆ ಅಂತಲೇ ನಾಟಿ ಕೋಳಿ ಬೇರೆ ಮಾಡಿಟ್ಟಿದ್ದೆ. ಇಳಿಸೋದು ಒಂಚೂರು ತಡ ಆಯ್ತು.” (ಪಾತ್ರೆಯಲ್ಲಿದ್ದದ್ದು ಅಪ್ಪಯ್ಯಣ್ಣ ತನ್ನ ಊಟಕ್ಕೆಂದು ಮಾಡಿಟ್ಟುಕೊಂಡಿದ್ದ ಕೋಳಿ ಸಾರು.)

“ಬೇರೆ ಯಾಕವ್ವಾ ತೊಂದ್ರೆ?” ಎಂದರು ಬೈಲಪ್ಪನವರು. ಕೈ ಎಲೆಯ ತುದಿಯನ್ನು ಬಿಟ್ಟಿತು. ಮಮತ ಬಡಿಸಿದಳು.

“ಇನ್ನೊಂದ್ ಪೀಸು.”

“ಬೇಡ, ಬೇಡ.”

ಬಿತ್ತು. ಅವರ ಮೀಸೆಯ ಕೆಳಗೆ ಏನೋ ಸಡಿಲವಾಯಿತು.

ಮಮತ ತಿರುಗಿ ಗಂಡನ ಕಡೆ ಬಂದು, ಬೀಗರಿಗೆ ಕಾಣುವಂತೆ ನಗುತ್ತಾ, ಅವನಿಗಷ್ಟೇ ಕೇಳುವಂತೆ ಹೇಳಿದಳು: “ಹೋಗಿ ಆ ಡ್ರಮ್ ಹತ್ರ ನಿಂತ್ಕೊಳ್ಳಿ. ಕೈ ತೊಳ್ಕೊಳೋರಿಗೆ ನೀರು ಹಾಕಿ. ಬಾಯಿ ಬಿಡ್ಬೇಡಿ.” ಆಮೇಲೆ ಹುಡುಗರಿಗೆ: “ಮಂಜ, ನೀನು ಮುದ್ದೆ. ನವೀನ, ಅವನ ಹಿಂದೇನೆ ಸಾರು. ಈ ತುದಿಯಿಂದ ಆ ತುದಿಗೆ. ನಡೀರಿ.”

ಮುನೀಂದ್ರ ತನ್ನ ತಂಡ ತಾನಿಲ್ಲದೆ ಆಡುವುದನ್ನು ನೀರಿನ ಮಗ್ಗು ಹಿಡಿದು ನೋಡಿದ. ಮುದ್ದೆಯ ಹಿಂದೆ ಸಾರು, ಸಾರಿನ ಹಿಂದೆ ಚಾಪ್ಸು, ಎಲ್ಲೂ ಸಂದು ಇರಲಿಲ್ಲ. ನೋಡಲು ಚೆನ್ನಾಗಿತ್ತು. ಅದೇ ಸಂಕಟ.

ಊಟ ಮುಗಿಸಿ ಬೈಲಪ್ಪನವರು ಡ್ರಮ್ಮಿನ ಬಳಿ ಬಂದರು. ಮುನೀಂದ್ರ ಬಾಯಿ ಬಿಗಿಹಿಡಿದು ನೀರು ಹಾಕಿದ. ಅವರು ಕೈ ಒರೆಸಿಕೊಳ್ಳುತ್ತಾ ಅವನನ್ನು ತುಸು ಹೊತ್ತು ನೋಡಿದರು.

“ಬೀಗರೇ, ಸುಮಾರು ಬೀಗರೂಟ ಉಂಡಿವ್ನಿ. ಹೆಣ್ಣಿನ ಅಪ್ಪನೇ ನಿಂತು ಕೈಗೆ ನೀರು ಹಾಕಿದ್ದು ಇದೇ ಮೊದಲು. ದೊಡ್ಡ ಮನಸು ನಿಮ್ದು.” ಎರಡು ಹೆಜ್ಜೆ ಹೋಗಿ ತಿರುಗಿದರು. “ಆದ್ರೆ ಒಂದ್ ಮಾತು. ಬಡಿಸೋ ಕಡೆ ಹೋಗ್ಬೇಡಿ.”

ಬಸ್ಸು ಹೊರಟ ಮೇಲೆ ಮಮತ ಅಕ್ಕಿ ಡಬ್ಬದಿಂದ ಫೋನು ತೆಗೆದು ಕೊಟ್ಟಳು. ಮುನೀಂದ್ರ ವಜಾ ಆದೇಶ ಓದುವ ಗಟ್ಟಿ ಮನಸ್ಸಿನಿಂದ ಪರದೆ ಒರೆಸಿದ. ಮಾಕಳಿದುರ್ಗ ಮೂರು, ಬುಲೆಟ್ಸ್ ಸೊನ್ನೆ. ಆಡಳಿತ ಮಂಡಳಿ ಮ್ಯಾನೇಜರನ ದೂರದೃಷ್ಟಿಯನ್ನು ಕೊಂಡಾಡಿತ್ತು.

ಮುನೀಂದ್ರ ಅಂಕಿಗಳನ್ನು ಎರಡು ಸಲ ಓದಿದ. ಆಮೇಲೆ ಕಾರ್ಖಾನೆಯ ಗೆಳೆಯರ ವಾಟ್ಸಾಪ್ ಗುಂಪಿಗೆ ಗಂಭೀರವಾಗಿ ಬರೆದ: ‘ಬಹಳ ದಿನದಿಂದ ರೂಪಿಸುತ್ತಿದ್ದ ತಂತ್ರ ಇಂದು ಫಲ ಕೊಟ್ಟಿತು.’

ಖಲೀಲನ ಉತ್ತರ ತಡವಾಗಲಿಲ್ಲ. ‘ಮುಬಾರಕ್ ಮುನೀಂದ್ರಣ್ಣ. ಮ್ಯಾನೇಜರ್ ಗೈರುಹಾಜರು, ಅಸಿಸ್ಟೆಂಟ್ ಟೀಮ್ ಆಡಿಸಿದ ಅಂತ ನನ್ನ ಕಡೆ ತೋರಿಸ್ತಿದೆ. ಅವನಿಗೂ ನನ್ನ ಸಲಾಂ ಹೇಳಿ.’

ಮಮತ ಹೆಗಲ ಮೇಲಿಂದ ಇಣುಕಿ ಓದಿದಳು. ನಗಲಿಲ್ಲ. ಅಪ್ಪಯ್ಯಣ್ಣನಿಗೆ ಸಾರಿನ ಬದಲು ಮೊಟ್ಟೆ ಬೇಯಿಸಲು ಒಳಗೆ ಹೋಗುತ್ತಾ, “ಮುಂದಿನ ಮ್ಯಾಚ್ ಯಾವಾಗ್ರೀ?” ಎಂದಷ್ಟೇ ಕೇಳಿದಳು.

“ಬುಧವಾರ ಸಂಜೆ.”

ಬುಧವಾರ ಸಂಜೆ ಮುನೀಂದ್ರ ಕಾರ್ಖಾನೆಯಿಂದ ಬಂದವನೇ ಯಾರೂ ಹೇಳದೆ ಅಡುಗೆಮನೆಗೆ ಹೋದ. ಫೋನನ್ನು ಅಕ್ಕಿಯೊಳಗೆ ಹೂತು ಮುಚ್ಚಳ ಹಾಕಿದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ, ಬಿಗಿಯಾಗಿ ಕೂತಿದೆಯೇ ಎಂದು ವೃತ್ತಿಪರ ಬೆರಳುಗಳಿಂದ ತಟ್ಟಿ ನೋಡಿದ.

“ಪಾಸ್,” ಎಂದ.