ಕಂಪ್ಯೂಟರಿಗೆ ನಾನು ತಂತಿ ಕಟ್ಟಿದ್ದು

ಬುದ್ಧಿವಂತನಾದವನಿಗೆ ಮುಂಬಯಿಯಲ್ಲಿ ಮನೆ ಸಿಗುವುದೇನೂ ಕಷ್ಟವಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕದ ಮಾತು. ನಾನು, ಹೆಂಡತಿ ವಿಮಲ, ಮಕ್ಕಳು, ನಮ್ಮಮ್ಮ ಎಲ್ಲರೂ ಬೈಕುಲ್ಲಾದ ಚಾಳಿನ ಒಂದೇ ಖೋಲಿಯಲ್ಲಿದ್ದೆವು. ಮಲಗಿದಾಗ ಒಬ್ಬರು ಮಗ್ಗುಲು ಬದಲಿಸಬೇಕಾದರೆ ಉಳಿದವರ ಒಪ್ಪಿಗೆ ಬೇಕಿತ್ತು. ಅಂಥದ್ದರಲ್ಲಿ ನಮ್ಮ ಕಂಪನಿಯ ಗೋರೆಗಾಂವ್ ಕಾಲೊನಿಯಲ್ಲಿ ಒಂದು ಫ್ಲಾಟು ಖಾಲಿಯಾಯಿತು. ಎರಡು ಕೋಣೆ, ಬೇರೆ ಅಡಿಗೆಮನೆ, ಮನೆಯೊಳಗೇ ಬಚ್ಚಲು! ವಿಮಲ ಆ ಅಡಿಗೆಮನೆಯಲ್ಲಿ ಮನಸ್ಸಿನಲ್ಲೇ ಡಬ್ಬಿಗಳನ್ನು ಜೋಡಿಸಿಬಿಟ್ಟಳು.

ಅರ್ಜಿ ಹಾಕಿದವರು ಮೂವರು. ಕಂಪ್ಯೂಟರ್ ವಿಭಾಗದ ನಾನು, ಅಕೌಂಟ್ಸಿನ ಮುಖ್ಯಸ್ಥರಾದ ಬಿಜಾಪುರದ ಕುಲಕರ್ಣಿಯವರು, ಸ್ಟೋರ್ಸಿನ ಮುಖ್ಯಸ್ಥರಾದ ಸಾವಂತರು. ಕುಲಕರ್ಣಿಗೂ ಸಾವಂತರಿಗೂ ಎಣ್ಣೆ ಸೀಗೆಕಾಯಿ. ಕಂಪನಿ ತರಿಸಿದ್ದ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರನ್ನು ಒಬ್ಬರು ಮುಟ್ಟಿದರೆ ಇನ್ನೊಬ್ಬರು ಮುಟ್ಟರು. ತಂತಮ್ಮ ಇಲಾಖೆಗೆ ಸ್ವಂತದ್ದೇ ಆಗಬೇಕೆಂದು ಇಬ್ಬರದೂ ಹಟ. ನಮ್ಮ ಜನರಲ್ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆಸಿ, ಈ ಜಗಳ ಬಗೆಹರಿಸಿದರೆ ಗೋರೆಗಾಂವಿನ ನಿಮ್ಮ ಅರ್ಜಿ ನನ್ನ ನೆನಪಿನಲ್ಲಿರುತ್ತದೆ ಎಂದರು.

ನನಗೆ ಇದು ನೀರು ಕುಡಿದಷ್ಟು ಸುಲಭ. ಆಗತಾನೇ ಒಂದು ಹೊಸ ಪ್ರೋಗ್ರಾಂ ಬಂದಿತ್ತು. ಅದು ಒಂದೇ ಯಂತ್ರದೊಳಗೆ ಬೇಕಾದಷ್ಟು ಕಂಪ್ಯೂಟರುಗಳನ್ನು ಸೃಷ್ಟಿಸುತ್ತದೆ. ನಿಜವಾಗಿ ಇರುವುದು ಒಂದೇ. ಆದರೆ ಒಳಗಿನ ಪ್ರತಿಯೊಂದು ಕಂಪ್ಯೂಟರೂ ಇಡೀ ಯಂತ್ರ ತನ್ನದೇ, ಇಲ್ಲಿ ತನ್ನನ್ನು ಬಿಟ್ಟು ಇನ್ನಾರೂ ಇಲ್ಲ ಎಂದು ತಿಳಿದುಕೊಂಡು ಹಾಯಾಗಿರುತ್ತದೆ. ಹೀಗೆ ಅಕೌಂಟ್ಸಿಗೊಂದು, ಸ್ಟೋರ್ಸಿಗೊಂದು ಸೃಷ್ಟಿಸಿದೆ. ಯಂತ್ರವೆಂದರೆ ಆಳೆತ್ತರದ ಕಪಾಟುಗಳ ಸಾಲು. ಎಡಗಡೆಯ ಕಪಾಟುಗಳು ನಿಮ್ಮ ಕಂಪ್ಯೂಟರ್ ಎಂದು ಕುಲಕರ್ಣಿಯವರಿಗೂ, ಬಲಗಡೆಯವು ನಿಮ್ಮವು ಎಂದು ಸಾವಂತರಿಗೂ ಗುಟ್ಟಾಗಿ ಹೇಳಿ, ಎರಡೂ ಪಕ್ಕ ಅಕ್ಷರ ಬಡಿಯುವ ಟರ್ಮಿನಲ್ ಒಂದೊಂದನ್ನು ಇಡಿಸಿದೆ. ಇಬ್ಬರೂ ಖುಷಿಯಾದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಾಹೇಬರಿಗೆ ಇನ್ನೊಂದು ಆಸೆ ಹುಟ್ಟಿತು. ಸ್ಟೋರ್ಸಿನ ಚೀಟಿಗಳು ಕಾಗದದಲ್ಲಿ ಅಲೆಯುವ ಬದಲು ನೇರ ಅಕೌಂಟ್ಸಿನ ಕಂಪ್ಯೂಟರಿಗೆ ಹೋಗಲಿ ಎಂದರು. ಅದೂ ಆಯಿತು. ಎರಡೂ ಒಂದೇ ಯಂತ್ರದ ಹೊಟ್ಟೆಯೊಳಗಿರುವಾಗ ಹೊರಗೆ ಒಂದು ಮೊಳ ತಂತಿಯೂ ಬೇಡ. ಆ ಪ್ರೋಗ್ರಾಮೇ ಒಳಗೊಂದು ಕಾಲ್ಪನಿಕ ತಂತಿ ಎಳೆದುಕೊಡುತ್ತದೆ. ಚೀಟಿ ಯಂತ್ರದ ನೆನಪಿನ ಈ ಮೂಲೆಯಿಂದ ಆ ಮೂಲೆಗೆ ಹೋದರೆ ಮುಗಿಯಿತು. ಸಾಹೇಬರು ತಪಾಸಣೆಗೆ ಬಂದರು.

"ಲೈನ್ ಎಲ್ಲಿದೆ?"

"ಒಳಗಿದೆ ಸರ್. ಕಾಣಿಸೋದಿಲ್ಲ."

"ಕಾಣಿಸದ ಕೆಲಸ ತೋರಿಸಿ ನಾನು ನಿಮಗೆ ಕಾಣಿಸುವ ಫ್ಲಾಟು ಹೇಗೆ ಕೊಡಿಸಲಿ?"

ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತೆ. ವಿಮಲ ಎಲ್ಲ ಕೇಳಿದಳು. "ಅಲ್ಲ ಕಣ್ರೀ, ಅವರಿಗೆ ತಂತಿ ನೋಡಬೇಕು ಅನ್ನಿಸಿದ್ರೆ ಒಂದು ತಂತಿ ಕಟ್ಟಿಬಿಡಿ. ನಿಮ್ಮ ಗಂಟೇನು ಹೋಗತ್ತೆ?" ಎಂದಳು. ಧರ್ಮಪತ್ನಿಯ ಮಾತು ಮೀರುವುದುಂಟೆ? ಬೈಕುಲ್ಲಾದ ಗುಜರಿ ಅಂಗಡಿಯಿಂದ ತೋಳಿನಷ್ಟು ದಪ್ಪದ ಕಪ್ಪು ಕೇಬಲ್ ಹೆಗಲಿಗೆ ಹಾಕಿಕೊಂಡು ಆಫೀಸಿಗೆ ಹೋದೆ. ಲೋಕಲ್‌ನಲ್ಲಿ ಜನ ಹಾವಾಡಿಗನಿಗೆ ಬಿಡುವಂತೆ ನನಗೆ ಜಾಗ ಬಿಟ್ಟರು. ಅದರ ಒಂದು ತುದಿಯನ್ನು ಎಡಗಡೆಯ ಕಪಾಟಿನ ಹಿಡಿಗೂ ಇನ್ನೊಂದನ್ನು ಬಲಗಡೆಯ ಕಪಾಟಿನ ಹಿಡಿಗೂ ಬಿಗಿದೆ. ಸಾಹೇಬರು ಬಂದು ಕೇಬಲ್ಲನ್ನು ಸವರಿ ನೋಡಿ, ಈಗ ಏನೋ ಕೆಲಸ ಆದ ಹಾಗೆ ಕಾಣುತ್ತದೆ ಎಂದರು. ಫ್ಲಾಟು ಸಿಕ್ಕಂತೆಯೇ ಎಂದು ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಅಷ್ಟರಲ್ಲಿ ದಸರಾ ಬಂತು. ಮುಂಬಯಿಯಲ್ಲಿ ಲೇತ್ ಯಂತ್ರದಿಂದ ಹಿಡಿದು ಟ್ಯಾಕ್ಸಿಯವರೆಗೆ ಎಲ್ಲಕ್ಕೂ ಅಂದು ಚೆಂಡುಹೂವಿನ ಹಾರ. ಕಂಪ್ಯೂಟರ್ ಏನು ಪಾಪ ಮಾಡಿತ್ತು? ಕುಲಕರ್ಣಿಯವರು ಎಡಗಡೆಗೆ, ಸಾವಂತರು ಬಲಗಡೆಗೆ ತಂತಮ್ಮ ಹಾರ, ತೆಂಗಿನಕಾಯಿ ಹಿಡಿದು ಬಂದರು. ಸಾಹೇಬರೂ ಬಂದು ನಿಂತರು. ಸಾವಂತರ ಹಾರ ಸ್ವಲ್ಪ ಉದ್ದವಾಗಿ ಎಡಗಡೆಯ ಕಪಾಟಿನ ಮೇಲೂ ಇಳಿಯಿತು. ಹಾರ ಆಚೆ ಸರಿಸಿ ಎಂದು ಇವರು, ಹೂವು ಬಿದ್ದರೆ ಯಂತ್ರ ಸವೆಯುತ್ತದೆಯೇ ಎಂದು ಅವರು. ಮಾತಿಗೆ ಮಾತು ಬೆಳೆಯಿತು.

"ನನ್ನ ಮಶೀನಿನ ಮ್ಯಾಲ ಬ್ಯಾರೇದವ್ರ ಹಾರ ಯಾಕ್ರೀ? ಇನ್ನ ನಿಮ್ಮ ಚೀಟಿ ಹೆಂಗ ಬರ್ತಾವ ನೋಡೇ ಬಿಡ್ತೀನಿ" ಎಂದವರೇ ಕುಲಕರ್ಣಿಯವರು ಕೇಬಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತರು. ಅದು ಕಿತ್ತು ಬಂತು. ಗಾಬರಿಯಾದ ಸಾವಂತರು ಲೈನ್ ಹೋಯಿತೋ ಏನೋ ಎಂದು ತಮ್ಮ ಟರ್ಮಿನಲ್ಲಿಗೆ ಓಡಿ ಪೂಜೆ ಸಾಮಾನಿನ ಚೀಟಿಯೊಂದನ್ನು ಟೈಪು ಮಾಡಿ ಕಳಿಸಿದರು.

ಎಡಗಡೆಯ ಟರ್ಮಿನಲ್ ಟಕಟಕ ಬಡಿಯಿತು. ತೆಂಗಿನಕಾಯಿ, ಹೂವು, ಪೇಢೆ. ಅಕೌಂಟ್ಸಿನವರು ಹಣ ಕೊಡತಕ್ಕದ್ದು.

ಸಾಹೇಬರು ಕುಲಕರ್ಣಿಯವರ ಕೈಯಲ್ಲಿದ್ದ ಕೇಬಲ್ ನೋಡಿದರು. ಟರ್ಮಿನಲ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಫ್ಲಾಟು ಕೈಬಿಟ್ಟು ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಇರುವುದು ಒಂದೇ ಎಂದೆ. ಪ್ರತಿಯೊಬ್ಬನಿಗೂ ಅದು ತನ್ನದೊಬ್ಬನದೇ ಅನ್ನಿಸುತ್ತದೆ, ಎಲ್ಲರಿಗೂ ಸರದಿ ಪ್ರಕಾರ ಜಾಗ ಸಿಗುತ್ತದೆ, ಯಾರಿಗೂ ಕೊರತೆ ತಿಳಿಯುವುದಿಲ್ಲ ಎಂದೆ. ಸಾಹೇಬರು ಬಹಳ ಗಮನವಿಟ್ಟು ಕೇಳಿದರು. ಮುಖ ಬೆಳಗಿತು. ಇಂಥ ಉಳಿತಾಯದ ವಿದ್ಯೆಯನ್ನು ತಂತಿಯ ಹಿಂದೆ ಅಡಗಿಸಿಟ್ಟಿದ್ದಿರಲ್ಲ ಎಂದು ನನ್ನ ಬೆನ್ನು ತಟ್ಟಿದರು.

ದೀಪಾವಳಿಗೆ ಮೊದಲೇ ಕೀಲಿಕೈ ನನ್ನ ಕೈಗೆ ಬಂತು. ಹಾಲು ಉಕ್ಕಿಸುವ ಪಾತ್ರೆ ಹಿಡಿದುಕೊಂಡು ಸಂಸಾರ ಸಮೇತ ಗೋರೆಗಾಂವಿಗೆ ಹೋದೆವು. ಬಾಗಿಲು ತೆರೆದಿತ್ತು. ಸಾವಂತರು ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಅಡಿಗೆಮನೆಯಿಂದ ಕುಲಕರ್ಣಿಯವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ವಿಮಲಳಿಗೆ ಅರಿಸಿನ ಕುಂಕುಮ ಕೊಟ್ಟು, "ಬರ್ರೀ, ನಮ್ಮ ಹೊಸ ಮನಿ ನೋಡಾಕ ಬಂದ್ರೇನು?" ಎಂದರು.

ಮಾರನೆಯ ದಿನ ಸಾಹೇಬರ ಮುಂದೆ ನಿಂತೆ. ಮೂವರಿಗೂ ಸ್ವಂತ ಫ್ಲಾಟು ಕೊಟ್ಟಿದ್ದೇನೆ, ನೀವು ಕಲಿಸಿದ ವಿದ್ಯೆಯೇ ಎಂದರು. "ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಅಂತ ಯಾರಿಗೂ ಗೊತ್ತಾಗಬಾರದು. ಅದನ್ನ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ."

ಅಂದಿನಿಂದ ದಿನಾ ಬೆಳಿಗ್ಗೆ ನಾನು ಬಕೆಟ್ಟು ಹಿಡಿದು ನನ್ನ ಸ್ವಂತ ಬಚ್ಚಲಿನ ಮುಂದೆ ನಿಲ್ಲುತ್ತಿದ್ದೆ. ಒಳಗೆ ಕುಲಕರ್ಣಿಯವರು ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಬಾಗಿಲು ತಟ್ಟುವಂತಿರಲಿಲ್ಲ. ಒಳಗೆ ಯಾರೂ ಇಲ್ಲವಲ್ಲ!